ಯಂತ್ರ ನಿಂತ ದಿನ ಗಟಾರಕ್ಕೆ ಇಳಿಯುವವರು ಯಾರು?

ಗಟಾರ ತೊಳೆಯುವ ಯಂತ್ರಮಾನವ ಬಂದಿದ್ದಾನೆ, ಇನ್ನು ಮನುಷ್ಯರು ಮ್ಯಾನ್‌ಹೋಲಿಗೆ ಇಳಿಯುವ ಕಾಲ ಮುಗಿಯಿತು ಎಂಬ ಸುದ್ದಿಯನ್ನು ನಮ್ಮ ವಾಚಕರು ಕೆಲವು ವರ್ಷಗಳಿಂದ ದಿನಪತ್ರಿಕೆಗಳಲ್ಲಿ ಓದುತ್ತ ಬಂದಿದ್ದಾರೆ. ಮಂತ್ರಿಗಳು ರಿಬ್ಬನ್ ಕತ್ತರಿಸುವ ಚಿತ್ರಗಳನ್ನೂ ನೋಡಿದ್ದಾರೆ. ಅದೇ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ, ಟಾಂಕಿಗೆ ಇಳಿದವರು ಉಸಿರುಗಟ್ಟಿ ಸತ್ತರೆಂಬ ನಾಲ್ಕು ಸಾಲಿನ ಸುದ್ದಿಯೂ ಬರುತ್ತಲೇ ಇದೆ. ಮೊದಲನೆಯ ಸುದ್ದಿ ಸುಳ್ಳಲ್ಲ; ಎರಡನೆಯದೂ ಸುಳ್ಳಲ್ಲ. ಹಾಗಾದರೆ ಯಂತ್ರ ಎಲ್ಲಿ ನಿಂತಿತು, ಮನುಷ್ಯ ಎಲ್ಲಿ ಇಳಿದ? ಇದನ್ನು ಕೇಳಬೇಕಾದವರು ರಿಬ್ಬನ್ ಕತ್ತರಿಸುವವರಲ್ಲ, ದುಡಿಯುವ ಜನರಾದ ನಾವೇ.

ನಮ್ಮ ಪತ್ರಿಕೆಗೆ ಗಟಾರದ ಗೊಡವೆ ಯಾಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಬಂಧುಗಳಲ್ಲಿ ಬಹುಮಂದಿ ಹೊಟೇಲಿನವರು. ಹೊಟೇಲಿನ ಮುಂಬಾಗಿಲಲ್ಲಿ ಊದಿನಕಡ್ಡಿಯ ವಾಸನೆ ಇರಬಹುದು. ಹಿಂಬಾಗಿಲಲ್ಲಿ ಮೋರಿ ಇದ್ದೇ ಇದೆ. ಕರಿದ ಎಣ್ಣೆಯ ಜಿಡ್ಡು, ಅನ್ನದ ಗಂಜಿ, ಚಹದ ಚರಟ, ಸಾಂಬಾರಿನ ತಳ ಎಲ್ಲವೂ ಅಲ್ಲಿಗೇ ಹೋಗುವುದು. ಮಧ್ಯಾಹ್ನ ಊಟದ ಗದ್ದಲದ ಹೊತ್ತಿಗೇ ಚೇಂಬರ್ ಕಟ್ಟಿಕೊಂಡು ನೀರು ಅಡಿಗೆಮನೆಗೆ ನುಗ್ಗುತ್ತದೆ. ಆಗ ಮ್ಯಾನೇಜರರು ಯಾರನ್ನು ಕೂಗುತ್ತಾರೆ? ಗಲ್ಲಾದ ಮೇಲೆ ಕೂತವರನ್ನಲ್ಲ, ಭಟ್ಟರನ್ನಲ್ಲ. ಕಪ್ಪು ಬಸಿ ತೊಳೆಯುವ ಹುಡುಗನನ್ನು. ಮೊನ್ನೆ ತಾನೇ ಊರಿನಿಂದ ಬಂದು ಇನ್ನೂ ಪಗಾರ ಗೊತ್ತಾಗದ ಹುಡುಗನನ್ನು. ಅವನ ಕೈಲಿ ಆಗದಿದ್ದರೆ ಬೀದಿಯಲ್ಲಿ ಹೋಗುವ ಯಾರನ್ನೋ ನಾಲ್ಕು ಕಾಸಿಗೆ ಕರೆಸುತ್ತಾರೆ. ಅವನ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಆದುದರಿಂದ ಈ ವಿಚಾರ ನಮಗೆ ದೂರದ್ದಲ್ಲ.

ಮೊದಲು, ಆ ಗುಂಡಿಯೊಳಗೆ ಮನುಷ್ಯ ಸಾಯುವುದು ಹೇಗೆ ಎಂಬುದನ್ನು ತಿಳಿದಿರೋಣ. ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ಆದ್ದರಿಂದ ತಳದಲ್ಲಿ ಮಡುಗಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದರ ಪಾಲು ೧೦೦ ಆದರೆ ಮೂಗೇ ಸತ್ತುಹೋಗುತ್ತದೆ. ನಾತ ಹೋಯಿತು, ಗಾಳಿ ಚೊಕ್ಕಟವಾಯಿತು ಎಂದು ಮನುಷ್ಯ ಮೋಸಹೋಗುತ್ತಾನೆ. ೭೦೦ ದಾಟಿದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಮೇಲೆ ನಿಂತವನು ಅಣ್ಣನೋ ತಮ್ಮನೋ ಜೊತೆಗಾರನೋ ಆಗಿರುತ್ತಾನೆ. ಎತ್ತಲು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಹೀಗಾಗಿಯೇ ಈ ಸಾವುಗಳು ಎರಡೆರಡು, ಮೂರು ಮೂರು ಆಗಿ ಬರುತ್ತವೆ. ಬೆಂಕಿಕಡ್ಡಿ ಗೀರಿ ನೋಡುವುದು, ಮುಚ್ಚಳ ತೆಗೆದು ಅರ್ಧ ಗಂಟೆ ಬಿಡುವುದು ಮುಂತಾದ ಉಪಾಯಗಳನ್ನು ನಂಬಿ ಸತ್ತವರು ಬಹಳ. ಒಳಗೆ ಮೀಥೇನ್ ಇದ್ದರೆ ಆ ಕಡ್ಡಿಯೇ ಸಾಕು, ಹೊತ್ತಿಕೊಳ್ಳಲು.

ಕಾಯಿದೆ ಇಲ್ಲವೆಂದಲ್ಲ. ೧೯೯೩ರಲ್ಲಿ ಒಂದು ಕಾಯಿದೆ ಬಂತು. ೨೦೧೩ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಅದರ ೭ನೆಯ ಕಲಮು, ಗಟಾರ ಮತ್ತು ಸೆಪ್ಟಿಕ್ ಟ್ಯಾಂಕುಗಳ ಅಪಾಯಕರ ಶುಚಿಕೆಲಸಕ್ಕೆ ಯಾರನ್ನೂ ನೇರವಾಗಿಯಾಗಲಿ ಮತ್ತೊಬ್ಬರ ಮೂಲಕವಾಗಲಿ ಹಚ್ಚಬಾರದೆನ್ನುತ್ತದೆ. ೨೦೧೪ರಲ್ಲಿ ಸುಪ್ರೀಮ್ ಕೋರ್ಟು, ೧೯೯೩ರಿಂದ ಈಚೆಗೆ ಗಟಾರದಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ೧೦ ಲಕ್ಷ ರೂಪಾಯಿ ಕೊಡಬೇಕೆಂದಿತು. ೨೦೨೩ರ ಅಕ್ಟೋಬರಿನಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ೨೦೨೫ರ ಜನವರಿಯಲ್ಲಿ ಮುಂಬಯಿ, ದಿಲ್ಲಿ, ಕಲಕತ್ತಾ, ಚೆನ್ನೈ, ಬೆಂಗಳೂರು, ಹೈದರಾಬಾದು ಈ ಆರು ನಗರಗಳಲ್ಲಿ ಮನುಷ್ಯರನ್ನು ಇಳಿಸುವುದನ್ನು ಪೂರ್ತಿ ನಿಲ್ಲಿಸಿರೆಂದು ಆಜ್ಞೆ ಮಾಡಿತು. ಈ ಹೋರಾಟವನ್ನು ಕೋರ್ಟಿನವರೆಗೆ ಒಯ್ದ ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಅವರು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಸಫಾಯಿ ಕೆಲಸದವರ ಮನೆಯಲ್ಲಿ ಹುಟ್ಟಿದವರೆಂಬುದು ಕನ್ನಡ ನಾಡಿನವರು ನೆನಪಿಡಬೇಕಾದ ಸಂಗತಿ. ೧೯೭೦ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯವೂ ನಮ್ಮದೇ.

ಇಷ್ಟಾದರೂ ೨೦೧೯ರಿಂದ ೨೦೨೩ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ೩೭೭ ಮಂದಿ ಗಟಾರ ಮತ್ತು ಸೆಪ್ಟಿಕ್ ಟ್ಯಾಂಕುಗಳಲ್ಲಿ ಸತ್ತರೆಂದು ಕೇಂದ್ರ ಸರಕಾರವೇ ಪಾರ್ಲಿಮೆಂಟಿನಲ್ಲಿ ಹೇಳಿತು. ೨೦೨೨ ಮತ್ತು ೨೦೨೩ರಲ್ಲಿ ನಡೆದ ೫೪ ಸಾವುಗಳನ್ನು ಸರಕಾರ ವಿಚಾರಣೆ ಮಾಡಿಸಿದಾಗ, ೪೯ ಮಂದಿಯ ಮೈಮೇಲೆ ರಕ್ಷಣೆಯ ಸಾಮಗ್ರಿ ಏನೇನೂ ಇರಲಿಲ್ಲವೆಂದು ಗೊತ್ತಾಯಿತು. ೩೮ ಮಂದಿಯನ್ನು ಯಾರೋ ಒಬ್ಬೊಬ್ಬರಾಗಿ ಕರೆದು ಕೆಲಸಕ್ಕೆ ಹಚ್ಚಿದ್ದರು. ಈ ೩೮ ಎಂಬ ಅಂಕಿಯನ್ನು ನಾವು ಎರಡು ಸಲ ಓದಿದೆವು. ನಗರಪಾಲಿಕೆಯ ಹಾಜರಿ ಪುಸ್ತಕದಲ್ಲಿಲ್ಲದ, ನಮ್ಮ ಹೊಟೇಲುಗಳ ಹಿಂಬಾಗಿಲಿಗೆ ಬಕೆಟ್ಟು ಹಿಡಿದು ಬರುವಂಥ ಜನ ಇವರು.

ಇನ್ನು ಯಂತ್ರದ ಮಾತು. ೨೦೧೫ರ ನವೆಂಬರಿನಲ್ಲಿ ಕೇರಳದ ಕೋಝಿಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಆಂಧ್ರದ ಕೆಲಸಗಾರರು ಒಳಗೆ ಬಿದ್ದರು. ಪಕ್ಕದಲ್ಲಿದ್ದ ಒಬ್ಬ ರಿಕ್ಷಾ ಚಾಲಕ, ಅವರ ಗುರುತು ಪರಿಚಯ ಒಂದೂ ಇಲ್ಲದವನು, ಎತ್ತಲು ಇಳಿದ. ಮೂವರೂ ಸತ್ತರು. ಆ ದುಃಖದ ನಂತರ ಅದೇ ರಾಜ್ಯದ ಕೆಲವು ಎಳೆಯ ಇಂಜಿನಿಯರರು ಕೂಡಿ ಒಂದು ಯಂತ್ರ ಕಟ್ಟಿದರು. ೨೦೧೮ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಹೆಸರು ಬ್ಯಾಂಡಿಕೂಟ್, ಅಂದರೆ ಹೆಗ್ಗಣ. ಹೆಸರಿಟ್ಟವರಿಗೆ ಕೆಲಸದ ಅರಿವಿತ್ತು ಎನ್ನಬೇಕು.

ಯಂತ್ರಮಾನವ ಎಂದೊಡನೆ ಎರಡು ಕಣ್ಣು, ಎರಡು ಕೈ ಇರುವ ಬೊಂಬೆ ನೆನಪಿಗೆ ಬರುತ್ತದೆ. ಇದು ಹಾಗಿಲ್ಲ. ಮ್ಯಾನ್‌ಹೋಲಿನ ಬಾಯಿಯ ಮೇಲೆ ಒಂದು ಚೌಕಟ್ಟು ನಿಲ್ಲುತ್ತದೆ. ಅದರಿಂದ ಜೇಡನಂತೆ ಕಾಲು ಚಾಚುವ ಇನ್ನೊಂದು ಭಾಗ ಕೆಳಗಿಳಿದು, ಗೋಡೆಗೆ ಕಾಲೂರಿ, ತೋಳಿನಿಂದ ಹೂಳು ಕಲ್ಲು ಚಿಂದಿಗಳನ್ನು ಬಾಚಿ ಬಕೆಟ್ಟಿಗೆ ತುಂಬುತ್ತದೆ. ಒಳಗಿನ ಚಿತ್ರವನ್ನು ಕ್ಯಾಮರಾ ಮೇಲಿನ ಪರದೆಗೆ ಕಳಿಸುತ್ತದೆ. ಅನಿಲ ಎಷ್ಟಿದೆಯೆಂದು ಅಳೆಯುವ ಸಾಧನವೂ ಇದೆ. ಪರದೆಯ ಮುಂದೆ ನಿಂತು ಅದನ್ನು ನಡೆಸುವವನು ಮಾತ್ರ ಮನುಷ್ಯ. ಮುಂಚೆ ತಾವೇ ಇಳಿಯುತ್ತಿದ್ದ ಕೆಲಸಗಾರರಿಗೇ ಅದನ್ನು ನಡೆಸಲು ಕಲಿಸಿದರೆಂಬುದು ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ವಿಷಯ.

ಅದು ದಯೆಯ ಮಾತಲ್ಲ, ಕೆಲಸದ ಮಾತು. ಯಾವ ಗಲ್ಲಿಯ ಕೊಳವೆ ಎಲ್ಲಿ ತಿರುಗುತ್ತದೆ, ಮಳೆ ಬಂದರೆ ಯಾವ ಚೇಂಬರ್ ಮೊದಲು ಉಕ್ಕುತ್ತದೆ, ಇಲ್ಲಿ ಕಟ್ಟಿಕೊಂಡದ್ದು ಬಟ್ಟೆಯೋ ಜಿಡ್ಡಿನ ಗಡ್ಡೆಯೋ ಎಂಬುದು ಹತ್ತಿಪ್ಪತ್ತು ವರ್ಷ ಅಲ್ಲಿ ಕೈ ಹಾಕಿದವನಿಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ, ಯಂತ್ರ ಮಾರಲು ಬಂದ ಸೂಟಿನವರಿಗೂ ಗೊತ್ತಿಲ್ಲ. ದೋಸೆಯ ಕಾವಲಿ ಎಷ್ಟು ಕಾದಿದೆಯೆಂದು ನೀರು ಚಿಮುಕಿಸಿ ಸದ್ದಿನಿಂದಲೇ ಹೇಳುವ ನಮ್ಮ ಭಟ್ಟರ ವಿದ್ಯೆಯಂಥದೇ ಇದು. ಯಂತ್ರ ಕೆಳಗೆ, ವಿದ್ಯೆಯುಳ್ಳ ಮನುಷ್ಯ ಮೇಲೆ: ಮನುಷ್ಯ ಮತ್ತು ಯಂತ್ರದ ಸಹಕಾರ ಎಂದು ದೊಡ್ಡವರು ಭಾಷಣ ಮಾಡುವುದು ಇದರ ಬಗ್ಗೆಯೇ ಆಗಿದ್ದರೆ, ಆ ಸಹಕಾರಕ್ಕೆ ನಮ್ಮ ಪೂರ್ಣ ಸಮ್ಮತಿಯಿದೆ. (ತಟ್ಟೆ ಒಯ್ಯುವ ಯಂತ್ರಗಳನ್ನಿಟ್ಟ ಹೊಟೇಲುಗಳು ಚೆನ್ನೈ, ಬೆಂಗಳೂರುಗಳಲ್ಲಿ ತೆರೆದದ್ದು ವಾಚಕರಿಗೆ ನೆನಪಿರಬಹುದು. ಸಾಂಬಾರು ಒಯ್ಯಲು ಯಂತ್ರ ಬೇಕೆಂದು ನಾವಾರೂ ಬೇಡಿರಲಿಲ್ಲ.)

ಆದರೆ ಯಂತ್ರ ಕೆಡುತ್ತದೆ. ರುಬ್ಬುವ ಗ್ರೈಂಡರ್ ಕೆಡುವಂತೆ ಇದೂ ಕೆಡುತ್ತದೆ. ಕೇಬಲ್ ತುಂಡಾಗುತ್ತದೆ, ಬಿಡಿಭಾಗ ಬರಲು ತಿಂಗಳು ಹಿಡಿಯುತ್ತದೆ, ನಡೆಸಲು ಕಲಿತವನು ಊರಿಗೆ ಹೋಗಿರುತ್ತಾನೆ, ಗಲ್ಲಿ ಇಕ್ಕಟ್ಟಾಗಿ ಗಾಡಿ ಒಳಗೆ ಬರುವುದಿಲ್ಲ. ಆ ದಿನ ಏನು ಮಾಡುತ್ತಾರೆ? ಸಹಕಾರದ ಪರೀಕ್ಷೆ ಇರುವುದು ಯಂತ್ರ ನಡೆಯುವ ದಿನವಲ್ಲ, ನಿಂತ ದಿನ. ಇದಕ್ಕೆ ಪರದೇಶದ ಎರಡು ಉದಾಹರಣೆಗಳನ್ನು ನೋಡೋಣ. ಅಲ್ಲಿಯ ಅಪಾಯ ಅಣುವಿಕಿರಣದ್ದು, ನಮ್ಮದು ಗಟಾರದ ಗಾಳಿಯದು. ಪ್ರಶ್ನೆ ಮಾತ್ರ ಒಂದೇ.

೧೯೮೬ರ ಏಪ್ರಿಲಿನಲ್ಲಿ ಆಗಿನ ಸೋವಿಯತ್ ದೇಶದ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ವಿಕಿರಣ ಸೂಸುವ ಗ್ರಾಫೈಟಿನ ತುಂಡುಗಳು ಪಕ್ಕದ ಸ್ಥಾವರದ ಛಾವಣಿಯ ಮೇಲೆಲ್ಲ ಬಿದ್ದವು. ಅವನ್ನು ತಳ್ಳಿ ಹಾಕಲು ಯಂತ್ರಗಳನ್ನು ತರಿಸಿದರು. ಪಶ್ಚಿಮ ಜರ್ಮನಿಯಿಂದ ಒಂದು ಬಂತು. ಚಂದ್ರನ ಮೇಲೆ ಓಡಿಸಿದ ಗಾಡಿಯ ಮಾದರಿಯಲ್ಲಿ ತಮ್ಮವರೇ ಮಾಡಿದ್ದೂ ಬಂತು. ಆ ವಿಕಿರಣದಲ್ಲಿ, ಆ ರಾಶಿಯಲ್ಲಿ ಅವು ಕೆಟ್ಟು ಸಿಕ್ಕಿಬಿದ್ದವು. ಆಮೇಲೆ ಸೈನಿಕರನ್ನು ಹತ್ತಿಸಿದರು. ಸೀಸದ ಹಲಗೆಗಳನ್ನು ಮೈಗೆ ಕಟ್ಟಿಕೊಂಡು, ಕೈಯಲ್ಲಿ ಸಲಿಕೆ ಹಿಡಿದು, ಒಬ್ಬೊಬ್ಬರೂ ಎರಡು ಮೂರು ನಿಮಿಷ ಓಡಿ ಒಂದೆರಡು ತುಂಡು ಎಸೆದು ಬರಬೇಕು. ಹೀಗೆ ಮೂರು ಸಾವಿರಕ್ಕೂ ಮಿಕ್ಕಿ ಮಂದಿ ಹತ್ತಿ ಇಳಿದರು. ಅವರಿಗೆ ಇಟ್ಟ ಹೆಸರು 'ಬಯೋ-ರೋಬೋಟ್', ಅಂದರೆ ಜೀವವಿರುವ ಯಂತ್ರ! ಯಂತ್ರ ಸೋತ ಕಡೆ ಮನುಷ್ಯನನ್ನೇ ಯಂತ್ರವೆಂದು ಕರೆದುಬಿಟ್ಟರು. ನಮ್ಮಲ್ಲಿ ಅಂಥ ಹೆಸರೂ ಇಡುವುದಿಲ್ಲ. 'ಒಬ್ಬನನ್ನು ಕರೆತಾ' ಎನ್ನುತ್ತಾರೆ, ಅಷ್ಟೆ.

೨೦೧೧ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಸ್ಥಾವರಕ್ಕೆ ಸುನಾಮಿ ನುಗ್ಗಿ ಮೂರು ಅಣುಕುಲುಮೆಗಳು ಕರಗಿದವು. ಅಲ್ಲಿಯೂ ಯಂತ್ರಗಳು ಸೋತವು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ವಿನ್ಸ್ ಎಂಬ ಯಂತ್ರದ ಕೇಬಲ್ ಕಡಿದು ಅದು ಒಳಗೇ ಉಳಿಯಿತು. ಅದನ್ನು ತರಲು ಯಾರನ್ನೂ ಕಳಿಸಲಿಲ್ಲ. ೨೦೧೫ರಲ್ಲಿ ಹಾವಿನಾಕಾರದ ಇನ್ನೊಂದು, ೨೦೧೭ರಲ್ಲಿ ಚೇಳಿನಾಕಾರದ ಮತ್ತೊಂದು ಒಳಗೇ ಸಿಕ್ಕಿಬಿದ್ದವು. ೨೦೨೪ರ ಆಗಸ್ಟಿನಲ್ಲಿ, ಕರಗಿದ ಇಂಧನದ ಚೂರೊಂದನ್ನು ಹೊರತೆಗೆಯಲು ಉದ್ದನೆಯ ಸಾಧನ ತೂರಿಸುವ ದಿನ, ಅದನ್ನು ಒಳಗೆ ತಳ್ಳುವ ಕೊಳವೆಗಳನ್ನು ಜೋಡಿಸಿದ ಸರದಿ ತಪ್ಪಿದೆಯೆಂದು ಕಂಡಿತು. ಕೂಡಲೇ ಕೆಲಸ ನಿಲ್ಲಿಸಿದರು. ಮುಂದಿನ ತಿಂಗಳು ಕ್ಯಾಮರಾ ಕೆಟ್ಟಿತು, ಮತ್ತೆ ನಿಲ್ಲಿಸಿದರು. ನವೆಂಬರಿನಲ್ಲಿ ಹೊರಬಂದದ್ದು ೦.೭ ಗ್ರಾಮು, ಒಳಗಿರುವುದು ಸುಮಾರು ೮೮೦ ಟನ್ನು. ಹದಿಮೂರು ವರ್ಷಕ್ಕೆ ಒಂದು ಚಿಟಿಕೆ! ನಗುವವರು ನಗಲಿ. ಯಂತ್ರ ಕೆಟ್ಟಿತೆಂದು ಮನುಷ್ಯನನ್ನು ಆ ಕುಲುಮೆಯೊಳಗೆ ಇಳಿಸಲಿಲ್ಲವೆಂಬುದನ್ನು ನಾವು ಗಮನಿಸಿದೆವು. ಅಲ್ಲಿಯೂ ಒಳಗುತ್ತಿಗೆಯ ಕೂಲಿಗಾರರ ಗೋಳು ಇಲ್ಲದಿಲ್ಲ. ಆ ದೇಶವನ್ನು ದೇವಲೋಕವೆಂದು ಹೊಗಳುವ ಉದ್ದೇಶ ನಮಗಿಲ್ಲ. ಆದರೆ ಕೆಲಸ ತಡವಾದರೆ ಆಗಲಿ ಎನ್ನುವ ಅಧಿಕಾರಿ ಇದ್ದಾನಲ್ಲ, ಅವನು ನಮಗೆ ಬೇಕು.

ನಮ್ಮ ದೇಶಕ್ಕೆ ಮರಳೋಣ. ೨೦೨೪ರ ಜುಲೈ ೧೩ರಂದು, ಯಂತ್ರ ಮೊದಲು ಇಳಿದ ಅದೇ ತಿರುವನಂತಪುರದಲ್ಲಿ, ರೈಲ್ವೆ ಸ್ಟೇಷನಿನ ಕೆಳಗೆ ಹರಿಯುವ ಕಾಲುವೆಯ ಕಸ ತೆಗೆಯಲು ಒಬ್ಬ ಗುತ್ತಿಗೆ ಕೆಲಸಗಾರನನ್ನು ಇಳಿಸಿದರು. ಮಳೆಯ ನೀರು ಏರಿ ಅವನನ್ನು ಎಳೆದುಕೊಂಡು ಹೋಯಿತು. ಅವನನ್ನು ಹುಡುಕಲು ಮುಳುಗುಗಾರರು ಬಂದರು, ಯಂತ್ರಮಾನವರೂ ಬಂದರು. ಎರಡು ದಿನದ ಮೇಲೆ ಹೆಣ ಸಿಕ್ಕಿತು. ಹುಡುಕಲು ಬಂದ ಯಂತ್ರ ಶುಚಿಗೊಳಿಸಲು ಮೊದಲೇ ಯಾಕೆ ಬರಲಿಲ್ಲ? ಕಾಲುವೆ ಯಾರದು, ರೈಲ್ವೆಯದೋ ಪಾಲಿಕೆಯದೋ ಎಂಬ ಜಗಳ ಆಮೇಲೆ ನಡೆಯಿತು. ಯಂತ್ರ ಇದ್ದ ಊರಿನಲ್ಲಿ ಯಂತ್ರ ಯಾರ ಜಾಗಕ್ಕೆ ಬರಬೇಕೆಂಬುದು ತೀರ್ಮಾನವಾಗಿರಲಿಲ್ಲ. ಮನುಷ್ಯ ಮಾತ್ರ ಎಲ್ಲರ ಜಾಗಕ್ಕೂ ಸಲ್ಲುತ್ತಿದ್ದ.

ನಮ್ಮ ಮುಂಬಯಿಯಲ್ಲಿ ೨೦೨೫ರ ಮಾರ್ಚ್ ೯ರಂದು ನಾಗಪಾಡಾದಲ್ಲಿ, ಕಟ್ಟುತ್ತಿದ್ದ ಕಟ್ಟಡವೊಂದರ ನೆಲದೊಳಗಿನ ನೀರಿನ ಟಾಂಕಿ ತೊಳೆಯಲು ಇಳಿದ ನಾಲ್ವರು ಸತ್ತರು. ಗಟಾರವೂ ಅಲ್ಲ, ನೀರಿನ ಟಾಂಕಿ. ಮುಚ್ಚಿದ ಯಾವ ಗುಂಡಿಯಲ್ಲಾದರೂ ಉಸಿರಿನ ಗಾಳಿ ಇಲ್ಲದೆ ಹೋಗಬಹುದು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು ೨೧ ಪಾಲು; ಅದು ೧೯.೫ಕ್ಕಿಂತ ಕೆಳಗಿಳಿದರೆ ಅಪಾಯವೆಂದು ಲೆಕ್ಕ. ಖಾಸಗಿ ಕಟ್ಟಡಗಳಿಗೆ, ಹೊಟೇಲುಗಳಿಗೆ, ಹೌಸಿಂಗ್ ಸೊಸಾಯಿಟಿಗಳಿಗೆ ಲಕ್ಷಗಟ್ಟಲೆ ಬೆಲೆಯ ಯಂತ್ರಮಾನವ ನಾಳೆಯೇ ಬರಲಾರ. ಗಾಳಿ ಅಳೆಯುವ ಸಣ್ಣ ಸಾಧನ ಅಂಗೈಯಲ್ಲಿ ಹಿಡಿಯುವಷ್ಟಿದೆ. ಹೊಟೇಲಿಗೆ ಹೊಸ ಸೋಫಾ ತರಿಸುವ ಯಜಮಾನರಿಗೆ ಅದನ್ನು ತರಿಸುವುದು ಭಾರವಲ್ಲ.

ಇನ್ನೊಂದು ಮಾತು, ಹೊಟ್ಟೆಯ ಮಾತು. ಯಂತ್ರ ಬಂದರೆ ಇಳಿಯುತ್ತಿದ್ದವನ ಪಗಾರ ಏನಾಗುತ್ತದೆ? ಜೀವ ಉಳಿಯಿತಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಅವರ ಮನೆಯಲ್ಲಿ ತಿಂಗಳ ಮೊದಲ ವಾರ ಕಿರಾಣಿಯವನು ಬಾಗಿಲು ತಟ್ಟುವುದಿಲ್ಲ. ನಮ್ಮ ಹಿರಿಯರು ಒರಳಿನ ಮುಂದೆ ಕೂತು ಬೆಳಗಿನ ಜಾವದವರೆಗೆ ಹಿಟ್ಟು ರುಬ್ಬುತ್ತಿದ್ದರು. ಗ್ರೈಂಡರ್ ಬಂತು, ರಟ್ಟೆ ಉಳಿಯಿತು, ಅದು ಒಳ್ಳೆಯದೇ. ಆದರೆ ಉಳಿದ ಹೊತ್ತು ನಿದ್ದೆಗೆ ಸಿಕ್ಕಿತೇ? ರುಬ್ಬುವವನಿಗೆ ಕಾಯಿ ತುರಿಯುವುದು, ಮೇಜು ಒರಸುವುದು, ಪಾರ್ಸೆಲ್ ಕಟ್ಟುವುದು ಬಂದು ಸೇರಿತು. ಯಂತ್ರದ ಲಾಭ ಯಾರ ಗಲ್ಲಾಕ್ಕೆ ಬೀಳಬೇಕೆಂಬುದನ್ನು ಯಂತ್ರ ಬರುವ ಮೊದಲೇ ಮಾತಾಡಿಕೊಳ್ಳದಿದ್ದರೆ ಹೀಗೇ ಆಗುವುದು.

ಮಾತಾಡಿಕೊಂಡ ಕಡೆ ಬೇರೆ ರೀತಿ ಆದದ್ದೂ ಉಂಟು. ದಿಲ್ಲಿಯಲ್ಲಿ ೨೦೧೯ರ ಫೆಬ್ರವರಿಯಲ್ಲಿ ಗಟಾರ ತೊಳೆಯುವ ೨೦೦ ಗಾಡಿಗಳನ್ನು ಬೀದಿಗೆ ಇಳಿಸಿದಾಗ, ಸಫಾಯಿ ಕೆಲಸದವರಿಗೂ ಗಟಾರದಲ್ಲಿ ಸತ್ತವರ ಮನೆಯವರಿಗೂ ಮೊದಲ ಹಕ್ಕು ಕೊಟ್ಟು, ಬ್ಯಾಂಕಿನ ಸಾಲದಲ್ಲಿ ಅವರನ್ನೇ ಗಾಡಿಯ ಮಾಲಕರನ್ನಾಗಿ ಮಾಡುವ ಯೋಜನೆ ಹಾಕಿದರು. ಮದ್ರಾಸಿನ ಐಐಟಿಯವರು ಸೆಪ್ಟಿಕ್ ಟ್ಯಾಂಕಿನ ಗಟ್ಟಿ ಹೂಳನ್ನು ಅಲಗುಗಳಿಂದ ಕಡೆದು ತೆಳುಮಾಡಿ ಹೀರಿ ತೆಗೆಯುವ ಹೋಮೋಸೆಪ್ ಎಂಬ ಯಂತ್ರ ಮಾಡಿದ್ದಾರೆ. ೨೦೨೨ರಲ್ಲಿ ಅದರ ಮೊದಲ ಯಂತ್ರಗಳು ಸ್ವಸಹಾಯ ಗುಂಪುಗಳಿಗೆ ಹೋದವು. ಆ ಗುಂಪುಗಳನ್ನು ನಡೆಸಿದವರು, ಗಂಡಂದಿರನ್ನು ಇದೇ ಕೆಲಸದಲ್ಲಿ ಕಳೆದುಕೊಂಡ ಹೆಂಗಸರು. ಗಂಡ ಇಳಿದು ಸತ್ತ ಗುಂಡಿಗೆ ಹೆಂಡತಿ ಯಂತ್ರವನ್ನು ಇಳಿಸುತ್ತಾಳೆ. ಇದನ್ನು ಬರೆಯುವಾಗ ನಮ್ಮ ಕೈ ಒಂದು ಕ್ಷಣ ನಿಂತಿತು. ೨೦೨೩ರಲ್ಲಿ ಕೇಂದ್ರ ಸರಕಾರ ತಂದ 'ನಮಸ್ತೆ' ಯೋಜನೆಯಲ್ಲಿಯೂ ಕೆಲಸಗಾರರಿಗೆ ಯಂತ್ರ ಕೊಳ್ಳಲು ಸಹಾಯಧನವಿದೆ. ಅದು ಗುತ್ತಿಗೆದಾರನ ಕೈಗೆ ಜಾರದಂತೆ ನೋಡಿಕೊಳ್ಳಲು ಆಯಾ ಊರಿನಲ್ಲಿ ಸಂಘ ಇರಬೇಕು.

ಕಡೆಯದಾಗಿ ನಮ್ಮ ಹೊಟೇಲು ಬಂಧುಗಳಿಗೆ. ೨೦೧೩ರ ನಿಯಮಗಳ ಪ್ರಕಾರ, ಯಂತ್ರದಿಂದ ಸಾಧ್ಯವೇ ಇಲ್ಲದಂಥ ಕೆಲವೇ ಸಂದರ್ಭಗಳಲ್ಲಿ ಮನುಷ್ಯ ಇಳಿಯಬಹುದು. ಆಗಲೂ ರಕ್ಷಣೆಯ ಉಡುಪು ಸಾಧನಗಳೆಲ್ಲ ಇರಬೇಕು. ಬೇರೆ ದಾರಿಯೇ ಇಲ್ಲವೆಂದು ಇಳಿಸುವುದಾದರೆ, ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಕಾರಣ ಬರೆದು ಅನುಮತಿ ಕೊಟ್ಟಿರಬೇಕು. ನಿಮ್ಮ ಮ್ಯಾನೇಜರರು ನಗರಪಾಲಿಕೆಯ ಮುಖ್ಯಾಧಿಕಾರಿಯಲ್ಲ. ಆದುದರಿಂದ 'ಸ್ವಲ್ಪ ಇಳಿದು ನೋಡೋ' ಎಂದರೆ, 'ಬರೆದ ಆರ್ಡರ್ ಕೊಡಿ ಸ್ವಾಮಿ' ಎಂದು ಕೇಳಿರಿ. ಮರ್ಯಾದೆಯಿಂದಲೇ ಕೇಳಿರಿ, ಆದರೆ ಇಳಿಯಬೇಡಿರಿ. ಹೊರಗಿನವನೊಬ್ಬನನ್ನು ಕರೆಸಿದರೆ ಅವನನ್ನೂ ಇಳಿಯಲು ಬಿಡಬೇಡಿರಿ. ಅವನಿಗೂ ಒಂದು ಊರು, ಒಂದು ತಾಯಿ ಇದ್ದಾಳೆ. ಒಬ್ಬ ಬಿದ್ದರೆ ಹಿಂದೆಯೇ ಹಾರಬೇಡಿರಿ. ಅಗ್ನಿಶಾಮಕ ದಳದ ೧೦೧ಕ್ಕೆ ಫೋನು ಮಾಡಿರಿ. ಗಟಾರದ ದೂರಿಗೆಂದು ೨೦೨೦ರಲ್ಲಿ ಸರಕಾರ ಗೊತ್ತು ಮಾಡಿದ ಸಂಖ್ಯೆ ೧೪೪೨೦.

ಕೆಲಸ ಹೋದೀತೆಂಬ ಹೆದರಿಕೆ ನಮಗೆ ಗೊತ್ತಿಲ್ಲದ್ದಲ್ಲ. ರಾತ್ರಿ ಮಲಗುವ ಜಾಗವೂ ಹೊಟೇಲಿನ ಅಟ್ಟವೇ ಆಗಿರುವಾಗ 'ಇಳಿಯುವುದಿಲ್ಲ' ಎನ್ನುವುದು ಒಬ್ಬನ ಬಾಯಿಂದ ಬರುವ ಮಾತಲ್ಲ. ಆ ಹೊತ್ತಿಗೆ ಸಂಘದ ಕಚೇರಿಗೆ ತಿಳಿಸಿರಿ. ನಾವು ನಾಲ್ವರು ಬಂದು ಮೋರಿಯ ಬಳಿ ನಿಲ್ಲುತ್ತೇವೆ. ಮೇಲಿನ ಸೂಚನೆಗಳನ್ನು ಕನ್ನಡ, ಮರಾಠಿ, ಹಿಂದಿ ಮತ್ತು ನೇಪಾಳಿಗಳಲ್ಲಿ ಚೀಟಿಯಾಗಿ ಅಚ್ಚು ಹಾಕಿಸಿದ್ದೇವೆ. ಕಚೇರಿಯಿಂದ ಒಯ್ದು, ಪಾತ್ರೆ ತೊಳೆಯುವ ಜಾಗದ ಮೇಲಿನ ಗೋಡೆಗೆ, ನೀರು ಸಿಡಿಯದಷ್ಟು ಎತ್ತರದಲ್ಲಿ ಅಂಟಿಸಿರಿ.